ಎಂಟನೆಯ ಕಪ್ಪು ಚುಕ್ಕೆ

ಸಾವಿತ್ರಿಯವರ ಹೃದಯ ಕಾಣೆಯಾಗಿತ್ತು.

ಹೃದಯವೆಂದರೆ ಹೃದಯದ ಚಿತ್ರಗಳು. ನಾನೂರ ಹನ್ನೆರಡು. ಎಂಆರ್‌ಐ ಯಂತ್ರದ ಕಂಪ್ಯೂಟರಿನಲ್ಲಿ ಹೆಸರಿತ್ತು, ಹುಟ್ಟಿದ ತಾರೀಖಿತ್ತು, ಅಕ್ಟೋಬರ್ ಇಪ್ಪತ್ತೆರಡು ಎಂದು ಪರೀಕ್ಷೆಯ ದಿನವೂ ಇತ್ತು. ಚಿತ್ರಗಳ ಲೆಕ್ಕದ ಮುಂದೆ ಒಂದು ಸೊನ್ನೆ. ಚಂದ್ರಾವತಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಸೊನ್ನೆ ಕದಲಲಿಲ್ಲ.

"ಚಂದ್ರಕ್ಕ, ಸಿಕ್ತಾ?" ಫೋನಿನ ಆ ಕಡೆ ಐಸಿಯುವಿನ ಡಾ. ರಾಧಿಕಾ. "ಪೇಷಂಟ್ ಕೆಮ್ಮಿದ್ರೆ ಬ್ಲಡ್ ಬರ್ತಿದೆ. ಬಲಗಡೆ ಲಂಗ್‌ನ ಕೆಳಭಾಗಕ್ಕೆ ರಕ್ತ ಹೋಗ್ತಿಲ್ಲ. ಕ್ಲಾಟ್ ಅಂದ್ಕೊಂಡಿದೀವಿ. ಹನ್ನೆರಡಕ್ಕೆ ಅದನ್ನ ಕರಗಿಸೋ ಮೆಡಿಸಿನ್ ಸ್ಟಾರ್ಟ್ ಮಾಡ್ತೀನಿ. ಮುಂಚೆ ಹಳೇ ಇಮೇಜಸ್ ಒಂದ್ಸಲ ನೋಡ್ಬೇಕು."

"ಕ್ಲಾಟ್ ಅಲ್ಲದಿದ್ರೆ?"

"ರಕ್ತನಾಳಕ್ಕೆ ಗಾಯ ಆಗಿದ್ರೆ, ಆ ಮೆಡಿಸಿನ್ ಕೊಟ್ಮೇಲೆ ಬ್ಲೀಡಿಂಗ್ ನಿಲ್ಲಲ್ಲ. ಅವರು ಉಳಿಯಲ್ಲ. ಬೇಗ ಕಳಿಸಿ, ಪ್ಲೀಸ್."

"ಎಂತ ಕಳಿಸೂದು?" ಎಂದಳು ಚಂದ್ರಾವತಿ. "ಚಿತ್ರವೇ ಇಲ್ಲ."

ಗಡಿಯಾರ ನೋಡಿದಳು. ಒಂಬತ್ತು ಗಂಟೆ ಐದು ನಿಮಿಷ.

ಚಂದ್ರಾವತಿಗೆ ಐವತ್ನಾಲ್ಕು. ಮಂಗಳೂರಿನವಳು. ಪರದೇಶದಲ್ಲಿ, ಲಾರೆನ್ಸ್‌ವಿಲ್ ಊರಿನ ಆಚೆಯ ಯೆಲ್ಲೋ ಕ್ರೀಕ್ ಹಾರ್ಟ್ ಸೆಂಟರಿನಲ್ಲಿ ಹನ್ನೊಂದು ವರ್ಷದಿಂದ ಎಂಆರ್‌ಐ ಕೋಣೆಗೆ ಅವಳೇ ಟೆಕ್ನಾಲಜಿಸ್ಟ್, ಅವಳೇ ಕಾವಲು. ಆ ಕೋಣೆಯ ಅಯಸ್ಕಾಂತ ಹಗಲು ರಾತ್ರಿ ಎಚ್ಚರವಾಗಿರುತ್ತದೆ. ಹಾಗಾಗಿ ಯಾರೇ ಬಂದರೂ ಬಾಗಿಲಲ್ಲಿ ನಿಲ್ಲಿಸಿ ವಾಚು, ಉಂಗುರ, ಪೆನ್ನು, ಫೋನು ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಸುತ್ತಾಳೆ. ವಿಭಾಗದ ಮುಖ್ಯಸ್ಥರನ್ನೂ ಬಿಟ್ಟವಳಲ್ಲ. ಅವಳ ಬೆನ್ನ ಹಿಂದೆ ಎಲ್ಲರೂ ಅವಳನ್ನು ಕಸ್ಟಮ್ಸ್ ಆಫೀಸರ್ ಎನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಆ ಮುಖ್ಯಸ್ಥರೇ ಡಾ. ವೇಣುಗೋಪಾಲ. ಮೈಸೂರಿನಿಂದ ಬಂದು ಮೂವತ್ತೈದು ವರ್ಷವಾದವರು. ತೊಡೆಯ ರಕ್ತನಾಳದಿಂದ ಹೃದಯದವರೆಗೆ ಸಣ್ಣ ಕೊಳವೆ ತೂರಿಸಿ ಒತ್ತಡ ಅಳೆಯುವುದನ್ನು ಲೋಕವೆಲ್ಲ ಎಕ್ಸ್‌ರೇ ನೋಡಿಕೊಂಡು ಮಾಡುತ್ತದೆ. ಅವರು ಎಂಆರ್‌ಐ ನೋಡಿಕೊಂಡು ಮಾಡುತ್ತಿದ್ದರು. ವಿಕಿರಣವಿಲ್ಲ, ಕಿಡ್ನಿಗೆ ಭಾರವಾಗುವ ಡೈ ಇಲ್ಲ. ಅರವತ್ತು ರೋಗಿಗಳ ಅಧ್ಯಯನ. ಪಕ್ಕದ ಸುವಾನಿ ಊರಿನ ಸಾವಿತ್ರಿ ಐವತ್ತೆಂಟನೆಯವರು. ಕಿಡ್ನಿ ಸೋತಿದ್ದ ಅವರಿಗೆ ಇದು ವರವೇ ಆಗಿತ್ತು. ಹತ್ತು ದಿನದ ಹಿಂದೆ ನಗುನಗುತ್ತಾ ಮನೆಗೆ ಹೋಗಿದ್ದರು. ನಿನ್ನೆ ಸಂಜೆ ಆಂಬುಲೆನ್ಸಿನಲ್ಲಿ ವಾಪಸ್ಸು ಬಂದರು.

* * *

ಆದಿತ್ಯ ಕೆಳಗಿನ ಮಹಡಿಯಿಂದ ಲ್ಯಾಪ್‌ಟಾಪ್ ಹಿಡಿದು ಓಡಿ ಬಂದ. ಆಸ್ಪತ್ರೆಯ ಚಿತ್ರಗಳನ್ನೆಲ್ಲ ಕಾಪಾಡುವ ಐಟಿ ಹುಡುಗ. ಹುಡುಗನೆಂದರೂ ನಲವತ್ತು ದಾಟಿದವನು.

"ಡಿಲೀಟ್ ಆಗಿದೆ ಚಂದ್ರಕ್ಕ. ಇಪ್ಪತ್ತೆರಡನೇ ತಾರೀಖು, ಮಧ್ಯಾಹ್ನ ಹನ್ನೆರಡೂ ಐವತ್ತು."

"ಬ್ಯಾಕಪ್?"

"ಆರ್ಕೈವ್‌ಗೆ ಹೋಗೋದು ದಿನಾ ಒಂದು ಗಂಟೆಗೆ. ಹತ್ತು ನಿಮಿಷ ಮುಂಚೆ ಡಿಲೀಟ್ ಮಾಡಿದಾರೆ. ಟೈಮಿಂಗ್ ಗೊತ್ತಿರೋರೇ." ಅವನು ತಲೆ ತಗ್ಗಿಸಿದ. "ಇನ್ನೊಂದ್ ವಿಷ್ಯ. ಲಾಗಿನ್ ನಿಮ್ಮದು."

ಚಂದ್ರಾವತಿ ಅವನ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವತ್ತು ಹನ್ನೆರಡೂ ನಲವತ್ತಕ್ಕೆ ಸಾವಿತ್ರಿಯವರನ್ನು ಹೊರಗೆ ಸಾಗಿಸುವಾಗ ಅವರು ಇವಳ ಕೈ ಬಿಟ್ಟಿರಲಿಲ್ಲ. "ನೀವೂ ಬನ್ನಿ, ಕನ್ನಡ ಮಾತಾಡ್ತಾ ಇದ್ರೆ ಭಯ ಆಗಲ್ಲ" ಎಂದಿದ್ದರು. ಇವಳು ಹಾಗೇ ಹೊರಟಿದ್ದಳು. ಕಂಪ್ಯೂಟರಿನಲ್ಲಿ ಲಾಗ್ ಔಟ್ ಮಾಡಿರಲಿಲ್ಲ.

"ಅವತ್ತು ನೀನೂ ಇಲ್ಲೇ ಇದ್ದೆಯಲ್ಲ? ಹೆಡ್‌ಸೆಟ್ ರಿಪೇರಿಗೆ ಬಂದಿದ್ದಿ."

"ಅಯ್ಯೋ, ನನ್ ಮೇಲೇನಾ! ಹನ್ನೆರಡೂವರೆಗೆ ಹೋದೆ. ಒಂದೂವರೆ ತನಕ ಮೀಟಿಂಗ್‌ನಲ್ಲಿದ್ದೆ. ಕ್ಯಾಮೆರಾ ಆನ್. ರೆಕಾರ್ಡಿಂಗ್ ಇದೆ, ನೋಡ್ತೀರಾ?"

ನೋಡಿದಳು. ಆದಿತ್ಯ ಆಕಳಿಸುತ್ತಾ ಕುಳಿತಿದ್ದ. ಹನ್ನೆರಡೂ ಐವತ್ತಕ್ಕೆ ಬಾಳೆಹಣ್ಣು ತಿನ್ನುತ್ತಿದ್ದ.

ಹಾಗಾದರೆ ಅವತ್ತು ಆ ಕೋಣೆಯಲ್ಲಿದ್ದವರಲ್ಲಿ ಉಳಿದವರು ಇಬ್ಬರು. ಒಬ್ಬರು ವೇಣುಗೋಪಾಲ. ಇನ್ನೊಬ್ಬ ಅವರ ಶಿಷ್ಯ ಡಾ. ಕಾರ್ತಿಕ್. ಕಾರ್ತಿಕ್ ಇಲ್ಲೇ ಹುಟ್ಟಿ ಬೆಳೆದವನು. ನಿನ್ನೆ ಇದ್ದಕ್ಕಿದ್ದಂತೆ ರಜೆ ಹಾಕಿದ್ದ, ಸಾವಿತ್ರಿ ವಾಪಸ್ಸು ಬಂದ ದಿನವೇ. ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಆಫ್.

"ಎಲ್ಲಿಗೆ ಹೋದ ಮಾರಾಯ ಇವ?"

"ಶಾರ್ಲಟ್‌ಗೆ ಡ್ರೈವ್ ಮಾಡ್ತೀನಿ ಅಂತಿದ್ದ," ಎಂದ ಆದಿತ್ಯ. "ಅಪ್ಪ ಅಮ್ಮ ಅಲ್ಲಿದಾರೆ."

ಚಂದ್ರಾವತಿ ಕುರ್ಚಿಯಿಂದ ಎದ್ದಳು, ಕುಳಿತಳು, ಮತ್ತೆ ಎದ್ದಳು. ಚಿತ್ರದಲ್ಲಿ ಕಾಣಬಾರದ್ದು ಏನೋ ಇತ್ತು. ಏನದು?

* * *

ಹೃದಯದೊಳಗೆ ಕೊಳವೆಗೆ ದಾರಿ ತೋರಿಸುವುದು ಒಂದು ತಂತಿ. ಎಕ್ಸ್‌ರೇ ಕೋಣೆಯಲ್ಲಿ ಅದು ಲೋಹದ್ದು. ಎಂಆರ್‌ಐ ಒಳಗೆ ಅಂಥ ತಂತಿ ಕಾದು ಮೈ ಸುಟ್ಟೀತು. ಅದಕ್ಕೇ ಇಲ್ಲಿ ಗಾಜಿನ ನಾರಿಗೆ ಪ್ಲಾಸ್ಟಿಕ್ ಹೊದಿಸಿದ ತಂತಿ ಬಳಸುತ್ತಾರೆ. ಅದರ ತುದಿಯಲ್ಲಿ ಎರಡೆರಡು ಸೆಂಟಿಮೀಟರಿಗೊಂದರಂತೆ ಎಂಟು ಕಪ್ಪು ಪಟ್ಟಿ. ಪಟ್ಟಿಯಲ್ಲಿ ಚಿಟಿಕೆ ಕಬ್ಬಿಣದ ಪುಡಿ. ತಂತಿ ಚಿತ್ರದಲ್ಲಿ ಕಾಣುವುದಿಲ್ಲ, ಪಟ್ಟಿಗಳು ಮಾತ್ರ ಎಂಟು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಬಳಸಿದ ತಂತಿಯನ್ನು ಎಸೆಯುವಂತಿಲ್ಲ. ಚೀಲಕ್ಕೆ ಹಾಕಿ, ರೋಗಿಯ ನಂಬರು ಬರೆದು, ಬೀರುವಿನಲ್ಲಿಡಬೇಕು. ಅದು ಅಧ್ಯಯನದ ನಿಯಮ.

ಗ್ಲೌಸ್ ತೊಟ್ಟು ಬೀರು ತೆರೆದಳು. ಐವತ್ತೆಂಟನೆಯ ಚೀಲ ತೆಗೆದಳು. ಮೇಲಿನ ಬರಹ ವೇಣುಗೋಪಾಲರದ್ದು. ಬಿಳಿ ಬಟ್ಟೆಯ ಮೇಲೆ ತಂತಿ ಹಾಸಿ ಎಣಿಸಿದಳು.

ಎಂಟು.

ತುದಿಯಿಂದ ಬುಡದವರೆಗೆ ತಂತಿ ಸರಿಯಾಗಿತ್ತು. ಬುಡದ ಹತ್ತಿರ ಮಾತ್ರ ಬೆರಳಗಲ ಹಳದಿ ಕಲೆ. ಅಯೋಡಿನ್ ಇರಬೇಕು, ಚರ್ಮಕ್ಕೆ ಹಚ್ಚುವಾಗ ತಾಗಿರುತ್ತದೆ ಎಂದುಕೊಂಡಳು. ತಂತಿ ಸರಿಯಿದ್ದರೆ ಚಿತ್ರ ಅಳಿಸಿದ್ದೇಕೆ? ತಲೆ ಚಿಟ್ಟು ಹಿಡಿಯಿತು. ಹತ್ತೂ ಕಾಲು.

ಆಗ ನೆನಪಾದವನು ಗುರುಶಾಂತಪ್ಪ.

ಗುರುಶಾಂತಪ್ಪ ಎಂಬ ಮನುಷ್ಯ ಇಲ್ಲ. ತಂತಿ ಬಳಸುವ ಮುಂಚೆ ಅದನ್ನು ಶುದ್ಧ ಸಲೈನಿನ ಬೇಸಿನ್ನಿನಲ್ಲಿಟ್ಟು ಅರ್ಧ ನಿಮಿಷ ಚಿತ್ರ ತೆಗೆದು ಚುಕ್ಕೆ ಕಾಣುತ್ತವೆಯೇ ನೋಡಬೇಕು. ಯಂತ್ರಕ್ಕೆ ಒಂದು ಹೆಸರು ಕೊಡದೆ ಅದು ಚಿತ್ರ ತೆಗೆಯುವುದಿಲ್ಲ. ಬೇಸಿನ್ನಿಗೆ ಏನು ಹೆಸರಿಡುವುದು? ಬೇರೆ ಕಡೆ 'ಟೆಸ್ಟ್' ಎಂದು ಹೊಡೆಯುತ್ತಾರೆ. ಚಂದ್ರಾವತಿ ತನ್ನ ಹಳೇ ಹೆಡ್‌ಮಾಸ್ತರರ ಹೆಸರು ಕೊಟ್ಟಿದ್ದಳು. ಪುರುಷ, ತೂಕ ಎಪ್ಪತ್ತು ಕಿಲೋ. ನೂರಕ್ಕೂ ಹೆಚ್ಚು ಸಲ ಯಂತ್ರದೊಳಗೆ ಹೋಗಿ ಬಂದರೂ ಒಂದು ಸಲವೂ ಗೊಣಗದ ರೋಗಿ. ಬಳಸುವ ಮುಂಚಿನ ಪರೀಕ್ಷೆ ನಿಯಮ. ಬಳಸಿದ ಮೇಲೂ ಒಂದು ಸಲ ಮಾಡುವುದು ಅವಳ ಸ್ವಂತ ಅಭ್ಯಾಸ.

ಇಪ್ಪತ್ತೆರಡನೇ ತಾರೀಖಿನ ಗುರುಶಾಂತಪ್ಪನನ್ನು ತೆರೆದಳು. ಎರಡು ಚಿತ್ರ ಭದ್ರವಾಗಿದ್ದವು.

ಬೆಳಿಗ್ಗೆ ಹತ್ತೂ ಹತ್ತು. ಎಂಟು ಚುಕ್ಕೆ.

ಮಧ್ಯಾಹ್ನ ಹನ್ನೆರಡೂ ಮೂವತ್ತೈದು. ಬೆರಳಿಟ್ಟು ಎಣಿಸಿದಳು. ಏಳು. ಇನ್ನೊಂದು ಸಲ. ಏಳು.

ತಂತಿಯ ತುದಿ ಮುರಿದು ಸಾವಿತ್ರಿಯವರ ಒಳಗೇ ಉಳಿದಿತ್ತು. ಇದು ಅವತ್ತೇ ಇದೇ ಪರದೆಯ ಮೇಲೆ ಮೂಡಿತ್ತು. ಚಿತ್ರ ತೆಗೆದವಳು ಅವಳೇ. ಎಣಿಸದೆ ಎದ್ದು ಹೋದವಳೂ ಅವಳೇ. ಹನ್ನೊಂದು ವರ್ಷ ಊರಿನವರ ಜೇಬೆಲ್ಲ ತಡಕಿ, ಅವತ್ತು ಒಂದು ಚುಕ್ಕೆ ನೋಡಲಿಲ್ಲ. ನಾಚಿಕೆಯಿಂದ ಕಣ್ಣು ತುಂಬಿತು. ಅಳುವುದಕ್ಕೂ ಪುರುಸೊತ್ತಿರಲಿಲ್ಲ.

* * *

ಐಸಿಯುವಿನ ಹೊರಗೆ ಸಾವಿತ್ರಿಯವರ ಗಂಡ ಶಂಕರ ಕುಳಿತಿದ್ದರು. ಕೈಯಲ್ಲಿ ಹೆಂಡತಿಯ ಚಪ್ಪಲಿ. ಚಂದ್ರಾವತಿಗೆ ಅವರ ಮುಖ ನೋಡಲಾಗಲಿಲ್ಲ.

ರಾಧಿಕಾ ಎರಡೂ ಚಿತ್ರ ನೋಡಿದಳು. ತಕ್ಷಣ ವೇಣುಗೋಪಾಲರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಚೀಲದಲ್ಲಿರೋ ವೈರ್ ನೋಡಿದ್ರಾ?" ಎಂದಿತು ಶಾಂತ ದನಿ.

"ನೋಡಿದೆ ಡಾಕ್ಟ್ರೇ. ಎಂಟಿದೆ," ಎಂದಳು ಚಂದ್ರಾವತಿ.

"ಮತ್ತೆ? ವೈರೇ ಕೈಯಲ್ಲಿದೆ. ಬೇಸಿನ್‌ನಲ್ಲಿ ವೈರ್ ಸುತ್ಕೊಂಡಾಗ ಎರಡು ಚುಕ್ಕೆ ಒಂದರ ಮೇಲೊಂದು ಬಂದಿರುತ್ತೆ. ಅಷ್ಟೂ ಗೊತ್ತಾಗಲ್ವಾ?"

"ಒಂದ್ಸಲ ಎಂಆರ್‌ಐ ಮಾಡಿ ನೋಡಿಬಿಡೋಣ." ಚಂದ್ರಾವತಿ ಬಿಡಲಿಲ್ಲ.

"ಬಿಪಿ ಬೀಳ್ತಿರೋ ಪೇಷಂಟ್‌ನ ಐಸಿಯು ಬಿಟ್ಟು ಹೊರಗೆ ತರೋದಾ? ನೋ. ರಾಧಿಕಾ, ಮೆಡಿಸಿನ್ ಡಿಲೇ ಮಾಡ್ಬೇಡಿ. ನಾನೇ ಬಂದು ಸೈನ್ ಮಾಡ್ತೀನಿ."

ಫೋನ್ ಕಟ್ ಆಯಿತು. ರಾಧಿಕಾ ಚಂದ್ರಾವತಿಯ ಕಡೆ ತಿರುಗಿದಳು. "ಅವರು ಹೇಳೋದೂ ಸರಿ ಚಂದ್ರಕ್ಕ. ಕ್ಲಾಟ್ ಆಗಿದ್ದು, ಅರ್ಧ ಗಂಟೆ ಸ್ಕ್ಯಾನ್ ಅಂತ ಓಡಾಡಿದ್ರೆ ಅದೂ ಡೇಂಜರ್. ಚೀಲದಲ್ಲಿರೋದು ಸಾವಿತ್ರಿಯವರಿಗೆ ಹಾಕಿದ ವೈರ್ ಅಲ್ಲ ಅಂತ ಪ್ರೂವ್ ಮಾಡಿ. ನಾನೇ ನಿಲ್ಲಿಸ್ತೀನಿ."

ಚಂದ್ರಾವತಿ ಹೊರಗೆ ಬಂದು ಎಂಆರ್‌ಐ ಕೋಣೆಯ ಕಡೆ ನಡೆದಳು. ನೆಗಡಿಯಾದರೂ ಎಂಆರ್‌ಐ ಮಾಡಿಸಿ ಎನ್ನುವ ಮನುಷ್ಯ ಇವತ್ತು ಬೇಡ ಎಂದದ್ದೇಕೆ?

ಫೋನ್ ಹೊಡೆದುಕೊಂಡಿತು. ಕಾರ್ತಿಕ್.

"ಆಂಟಿ, ಸಾರಿ, ಫೋನ್ ಡೆಡ್ ಆಗಿತ್ತು. ಗ್ರೀನ್‌ವಿಲ್‌ನಲ್ಲಿ ಕಾರಿಗೆ ಗ್ಯಾಸ್ ಹಾಕ್ತಾ ಇದೀನಿ. ನೈನ್ ಮಿಸ್ಡ್ ಕಾಲ್ಸ್?"

"ಸಾವಿತ್ರಿಯವರ ವೈರ್ ಹೊರಗೆ ಎಳೆದದ್ದು ಯಾರು?"

"ನಾನು. ಸ್ವಲ್ಪ ಟೈಟ್ ಇತ್ತು. ಲೈಕ್, ಲಿಟಲ್ ಟಗ್. ಸರ್‌ಗೆ ಹೇಳ್ದೆ. ನೀವು ಬೇಸಿನ್ ಸ್ಕ್ಯಾನ್ ಮಾಡಿ ಹೋದ ಮೇಲೆ ಸರ್ ವೈರ್ ನೋಡಿ ಫೈನ್ ಅಂದ್ರು. ಅವರೇ ನಂಬರ್ ಬರೆದು ಸ್ಟಡಿ ಬ್ಯಾಗ್‌ಗೆ ಹಾಕಿದ್ರು. ಸರ್ ಹೇಳಿದ್ರು ಅಂತ ನಾನು ಶಂಕರ್ ಅಂಕಲ್ ಹತ್ರ ಮಾತಾಡೋಕೆ ಹೋದೆ. ಯಾಕೆ ಆಂಟಿ? ಈಸ್ ಶೀ ಓಕೆ?"

"ರಜೆ ಯಾಕೆ ಹಾಕಿದ್ದು?"

"ಸರ್ ಹೇಳಿದ್ರು. ಯೂ ಲುಕ್ ಟೈರ್ಡ್, ಮನೆಗೆ ಹೋಗು ಅಂತ. ಆಂಟಿ, ಈಸ್ ಸಾವಿತ್ರಿ ಆಂಟಿ ಓಕೆ?"

ಅವನು ನಿಜ ಹೇಳುತ್ತಿರಬಹುದು. ಗುರುವಿನ ತಲೆಗೆ ಕಟ್ಟುತ್ತಲೂ ಇರಬಹುದು. ಒಬ್ಬನ ಮಾತಿಗೆ ಇನ್ನೊಬ್ಬರ ಮಾತು. ಹನ್ನೊಂದು ಗಂಟೆ.

* * *

ಬೀರುವಿನ ಹೊಸ ತಂತಿಗಳನ್ನು ಎಣಿಸಿದಳು. ಒಂದೂ ಕಮ್ಮಿಯಿಲ್ಲ. ಚೀಲದೊಳಗೆ ಬೇರೆ ತಂತಿ ಬಂದಿದ್ದರೆ ಅದು ಈ ಬೀರುವಿನದಲ್ಲ. ಮತ್ತೆಲ್ಲಿಯದು?

ಮತ್ತೆ ಆ ಹಳದಿ ಕಲೆ ನೋಡಿದಳು. ಒಂದು ಮಾತು ಹೊಳೆಯಿತು. ಸಾವಿತ್ರಿಯವರ ಫೈಲಿನಲ್ಲಿ ಕೆಂಪಕ್ಷರದಲ್ಲಿ ಬರೆದಿತ್ತು: ಅಯೋಡಿನ್ ಅಲರ್ಜಿ. ಅವತ್ತು ಕೋಣೆಯೊಳಗೆ ಅಯೋಡಿನ್ ಬಾಟಲಿಯನ್ನೇ ತಂದಿರಲಿಲ್ಲ.

ಸ್ಪಿರಿಟ್ ಹತ್ತಿ ತೆಗೆದು ಕಲೆಯನ್ನು ಮೆತ್ತಗೆ ಒರೆಸಿದಳು. ಹತ್ತಿ ಹಳದಿಯಾಯಿತು. ಇಂಥ ಹಳದಿಯನ್ನು ಅವಳು ಎಷ್ಟು ಸಲ ನೋಡಿಲ್ಲ! ಬಿಳಿ ಸೀರೆಯ ಸೆರಗಿನಲ್ಲಿ, ಅಡುಗೆಮನೆಯ ಕಟ್ಟೆಯ ಮೇಲೆ, ಪ್ಲಾಸ್ಟಿಕ್ ಡಬ್ಬಿಯ ಅಂಚಿನಲ್ಲಿ. ತೊಳೆದರೆ ಹೋಗುವುದಿಲ್ಲ. ಸೋಪು ಸೋಡಾ ತಾಗಿದರೆ ಮಾತ್ರ ಅದು ತನ್ನ ಜಾತಕ ತಾನೇ ಹೇಳುತ್ತದೆ.

ಬ್ರೇಕ್ ರೂಮಿಗೆ ಓಡಿದಳು. ವಾಸನೆ ಬರದಿರಲೆಂದು ಫ್ರಿಜ್‌ನೊಳಗೆ ಇಟ್ಟಿದ್ದ ಬೇಕಿಂಗ್ ಸೋಡಾ ಡಬ್ಬಿ ಎತ್ತಿಕೊಂಡಳು. ಯಾರೋ ದೀಪಾವಳಿಗೆ ತಂದಿಟ್ಟ ಮೈಸೂರ್ ಪಾಕ್ ಡಬ್ಬಿ ಕೆಳಗೆ ಬಿತ್ತು. ಬಿದ್ದರೆ ಬೀಳಲಿ.

* * *

ಹನ್ನೊಂದೂ ನಲವತ್ತು. ಐಸಿಯು ಪಕ್ಕದ ಸಣ್ಣ ಕೋಣೆ. ವೇಣುಗೋಪಾಲ ತಮ್ಮ ಬ್ಯಾಗನ್ನು ಮೇಜಿನ ಮೇಲಿಟ್ಟು ಸಹಿಗೆ ಪೆನ್ನು ತೆಗೆದಿದ್ದರು.

"ಒಂದು ನಿಮಿಷ ಡಾಕ್ಟ್ರೇ," ಎಂದಳು ಚಂದ್ರಾವತಿ. ಮೇಜಿನ ಮೇಲೆ ಹಳದಿ ಹತ್ತಿ ಇಟ್ಟಳು. "ಐವತ್ತೆಂಟನೇ ಚೀಲದ ತಂತಿ ಒರೆಸಿದ್ದು. ಇದೆಂತ ಹೇಳಿ."

"ಅಯೋಡಿನ್."

"ಸಾವಿತ್ರಿಯವರಿಗೆ ಅಯೋಡಿನ್ ಅಲರ್ಜಿ. ಅವತ್ತು ತರ್ಲೇ ಇಲ್ಲ."

ಚಂದ್ರಾವತಿ ಕಾಗದದ ಲೋಟದಲ್ಲಿ ಕದಡಿದ ಸೋಡಾ ನೀರನ್ನು ಹತ್ತಿಯ ಮೇಲೆ ಹನಿಸಿದಳು. ಹಳದಿ ಕೆಂಪಗಾಯಿತು. ರಾಧಿಕಾ ಹತ್ತಿರ ಬಗ್ಗಿದಳು.

"ಅರಿಶಿನ," ಎಂದಳು ರಾಧಿಕಾ. ಹುಬ್ಬಳ್ಳಿಯಲ್ಲಿ ಬೆಳೆದ ಹುಡುಗಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

"ಹೌದು, ಅರಿಶಿನ. ಆಸ್ಪತ್ರೆ ತಂತಿಗೆ ಅರಿಶಿನ ಎಲ್ಲಿಂದ ಬಂತು?" ಚಂದ್ರಾವತಿ ಹತ್ತಿಯನ್ನು ವೇಣುಗೋಪಾಲರ ಮುಂದಕ್ಕೆ ಸರಿಸಿದಳು. "ಆಯುಧಪೂಜೆ ದಿನ ನಿಮ್ಮನೆಗೆ ಊಟಕ್ಕೆ ಬಂದಿದ್ದೆ ಡಾಕ್ಟ್ರೇ. ಕಾರಿಗೆ ಪೂಜೆ ಆಯ್ತು, ಸ್ಟೆತಸ್ಕೋಪ್‌ಗೆ ಆಯ್ತು. ಲೆಕ್ಚರ್‌ನಲ್ಲಿ ತೋರಿಸಲಿಕ್ಕೆ ಬ್ಯಾಗಲ್ಲಿ ಇಟ್ಕೊಳ್ತೀರಲ್ಲ, ಆ ತಂತಿಯನ್ನೂ ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದ್ರಿ. 'ನನ್ನ ಆಯುಧ ಇದೇ' ಅಂದ್ರಿ. ಕುಂಕುಮ ತೊಳೆದು ಹೋಗಿದೆ. ಅರಿಶಿನ ಪ್ಲಾಸ್ಟಿಕ್ ಹಿಡ್ಕೊಂಡಿದೆ."

"ಚಂದ್ರಾ..."

"ಕಾರ್ತಿಕ್ ಟೈಟ್ ಇತ್ತು ಅಂದ. ನೀವು ನೋಡಿದ್ರಿ, ತುದಿ ಇಲ್ಲ. ನಾನು ಸಾವಿತ್ರಿಯವರ ಜೊತೆ ಹೋದೆ, ಕಾರ್ತಿಕ್‌ನ ನೀವೇ ಹೊರಗೆ ಕಳಿಸಿದ್ರಿ. ಮುರಿದದ್ದು ತೆಗೆದು ಇಡೀ ತಂತಿ ಚೀಲಕ್ಕೆ ಹಾಕಿದ್ರಿ. ಬೀರುವಿಂದ ತೆಗೆದಿದ್ರೆ ಒಂದು ಕಮ್ಮಿ ಬರ್ತಿತ್ತು, ಅದಕ್ಕೆ ಬ್ಯಾಗಿಂದು. ಆಮೇಲೆ ನನ್ನ ಕಂಪ್ಯೂಟರಿನ ಮುಂದೆ ಕೂತು ಸಾವಿತ್ರಿಯವರ ಹೆಸರಲ್ಲಿರೋದೆಲ್ಲ ಅಳಿಸಿದ್ರಿ. ಬೇಸಿನ್ ಚಿತ್ರವೂ ಅದರಲ್ಲೇ ಹೋಯ್ತು ಅಂದ್ಕೊಂಡ್ರಿ. ಅದು ಗುರುಶಾಂತಪ್ಪನ ಹೆಸರಲ್ಲಿತ್ತು. ಬೆಳಿಗ್ಗೆ ಎಂಟು, ಮಧ್ಯಾಹ್ನ ಏಳು, ಚೀಲದಲ್ಲಿ ಮತ್ತೆ ಎಂಟು. ಮುರಿದ ತಂತಿ ಚೀಲದೊಳಗೆ ಬೆಳೀತದಾ ಡಾಕ್ಟ್ರೇ? ನಾನು ತಪ್ಪಾಗಿದ್ರೆ ನಿಮ್ಮ ಬ್ಯಾಗ್ ತೆಗೀರಿ. ಆ ತಂತಿ ತೋರಿಸಿ."

ವೇಣುಗೋಪಾಲ ಬ್ಯಾಗಿನ ಮೇಲೆ ಕೈಯಿಟ್ಟರು. ತೆರೆಯಲಿಲ್ಲ. ಪೆನ್ನಿಗೆ ಕ್ಯಾಪ್ ಹಾಕಿದರು.

"ಸ್ಟಡಿ ಮುಗಿಯೋಕೆ ಇನ್ನಿಬ್ಬರು ಇದ್ರು," ಎಂದರು. "ಇನ್ನಿಬ್ಬರೇ. ಇದೊಂದು ರಿಪೋರ್ಟ್ ಆದ್ರೆ ಎಲ್ಲಾ ನಿಂತುಹೋಗೋದು. ಸಣ್ಣ ಮಕ್ಕಳಿಗೆ ಮತ್ತೆ ಎಕ್ಸ್‌ರೇನೇ ಗತಿ. ಎರಡು ಸೆಂಟಿಮೀಟರ್ ಚೂರು, ಏನೂ ಮಾಡಲ್ಲ ಅಂತ ನಂಬ್ಕೊಂಡೆ."

"ನಿನ್ನೆ ಅವರು ರಕ್ತ ಕಾರ್ತಾ ಬಂದ್ರು," ರಾಧಿಕಾಳ ದನಿ ಏರಿತು. "ಆಗ್ಲೂ ಸುಮ್ನಿದ್ರಿ! ನನ್ ಕೈಯಿಂದ ಅವರನ್ನ ಕೊಲ್ಲಿಸ್ತಿದ್ರಿ!"

"ಕ್ಲಾಟೇ ಇರ್ಲಿ ಅಂತ ರಾತ್ರಿಯೆಲ್ಲಾ ದೇವರನ್ನ ಬೇಡ್ಕೊಂಡೆ," ಎಂದರು ವೇಣುಗೋಪಾಲ.

* * *

ಎಂಆರ್‌ಐ ಎರಡು ನಿಮಿಷ ಹಿಡಿಯಿತು. ಬಲ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದ ಕೆಳಕವಲಿನಲ್ಲಿ ಒಂದು ಕಪ್ಪು ಚುಕ್ಕೆ. ಸುತ್ತ ರಕ್ತ ಹೆಪ್ಪುಗಟ್ಟಿತ್ತು. ಗಾಜಿನ ನಾರಿನ ಮುರಿದ ಮೊನೆ ನಾಳದ ಗೋಡೆಯನ್ನು ಗೀರುತ್ತಿತ್ತು.

ಅದನ್ನು ತೆಗೆಯಲೇಬೇಕು. ಎದೆ ಬಿಚ್ಚಿದರೆ ಸಾವಿತ್ರಿಯವರ ಕಿಡ್ನಿ ತಾಳುವುದಿಲ್ಲ. ಎಕ್ಸ್‌ರೇಗೆ ಆ ಚೂರು ಕಾಣುವುದಿಲ್ಲ. ಎಂಆರ್‌ಐ ನೋಡಿಕೊಂಡು ನೈಲಾನ್ ಕುಣಿಕೆ ಹಾಕಿ ಎಳೆಯಬೇಕು. ಕಾರ್ತಿಕ್ ಗ್ರೀನ್‌ವಿಲ್‌ನಿಂದ ಬರಲು ಎರಡು ಗಂಟೆ. ಅಷ್ಟು ಹೊತ್ತು ಇರಲಿಲ್ಲ. ಹತ್ತಿರದಲ್ಲಿ ಆ ಕೈಚಳಕ ಇದ್ದದ್ದು ಒಬ್ಬರಿಗೇ.

ರಾಧಿಕಾ ಆಡಳಿತಕ್ಕೆ ಫೋನ್ ಮಾಡಿ ಎಲ್ಲ ತಿಳಿಸಿದಳು. ಬೇರೆ ದಾರಿಯಿಲ್ಲ ಎಂದು ಅವರೂ ಒಪ್ಪಿದರು. ಸೆಕ್ಯುರಿಟಿಯವರು ಬಂದು ಬಾಗಿಲಲ್ಲಿ ನಿಂತರು.

"ಶುರು ಮಾಡೋಣ," ಎಂದರು ವೇಣುಗೋಪಾಲ.

"ಮೊದಲು ಶಂಕರ ಅವರಿಗೆ ಹೇಳಿ," ಎಂದಳು ಚಂದ್ರಾವತಿ. "ನೀವೇ ಹೇಳ್ಬೇಕು. ನಾನು ಎಣಿಸಲಿಲ್ಲ ಅಂತ ನಾನೂ ಹೇಳ್ತೇನೆ."

ಇಬ್ಬರೂ ಹೇಳಿದರು. ಶಂಕರ ಕೂಗಾಡಲಿಲ್ಲ. ಚಪ್ಪಲಿಗಳನ್ನು ಪಕ್ಕದ ಕುರ್ಚಿಯ ಮೇಲಿಟ್ಟರು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವಾಗ ಮೊದಲ ಸಲ ಅಕ್ಷರ ಕೂಡಲಿಲ್ಲ. ಎರಡನೇ ಸಲ ಹಾಕಿದರು.

ಐವತ್ತು ನಿಮಿಷ. ವೇಣುಗೋಪಾಲರ ಕೈ ಒಮ್ಮೆಯೂ ಅಲುಗಲಿಲ್ಲ. ಚಂದ್ರಾವತಿಗೆ ಅದನ್ನು ನೋಡಿ ಮೆಚ್ಚುಗೆ ಬಂತು. ಮೆಚ್ಚುಗೆ ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಒಂದೂ ಇಪ್ಪತ್ತಕ್ಕೆ ಚೂರು ಬೇಸಿನ್ನಿಗೆ ಬಿತ್ತು. ಅಕ್ಕಿಕಾಳಿಗಿಂತ ತೆಳ್ಳಗಿತ್ತು.

ಮೂರು ಗಂಟೆಗೆ ಸಾವಿತ್ರಿ ಕಣ್ಣು ಬಿಟ್ಟರು. ಹಾಸಿಗೆಯ ಬಳಿ ವೇಣುಗೋಪಾಲರನ್ನು ಕಂಡು, ಸೂಜಿ ಚುಚ್ಚಿದ ಕೈ ಎತ್ತಿ ನಮಸ್ಕಾರ ಮಾಡಲು ಹೊರಟರು.

"ಕೈ ಇಳಿಸು ಸಾವಿತ್ರಿ," ಎಂದರು ಶಂಕರ. "ಅವರು ನಿನಗೇನೋ ಹೇಳಬೇಕಂತೆ."

ವೇಣುಗೋಪಾಲ ಹೇಳಿದರು. ಒಂದೂ ಬಿಡದೆ ಹೇಳಿದರು. ಬಾಗಿಲಲ್ಲಿ ಸೆಕ್ಯುರಿಟಿಯವರು ಕಾಯುತ್ತಿದ್ದರು. ಸಾವಿತ್ರಿ ಪೂರ್ತಿ ಕೇಳಿದರು.

"ನನ್ ಮಗಳು ಬೇರೆ ಆಸ್ಪತ್ರೆಗೆ ಹೋಗಮ್ಮ ಅಂದಿದ್ಲು," ಎಂದರು ಕೊನೆಗೆ. "ನಾನೇ ಹಟ ಮಾಡ್ದೆ. ಡಾಕ್ಟ್ರು ನಮ್ಮೋರು ಕಣೆ, ಏನೇ ಆದ್ರೂ ನಮ್ ಹತ್ರ ಮುಚ್ಚಿಡಲ್ಲ ಅಂದೆ."

ವೇಣುಗೋಪಾಲ ಬಾಯಿ ತೆರೆದರು. ಸಾವಿತ್ರಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.